ಪಾಠ ಹೋಯ್ತು, ಉತ್ತರ ಬಂತಾ? ಕೊರೋನಾ ಕಾಲದ ತರಗತಿಗಳು ಕಲಿಸಿದ ಪಾಠ

ಈ ವಾರದ ವಿಡಿಯೋದಲ್ಲಿ ಮಾತಾಡಿದ್ದರ ಬರಹ ರೂಪ ಇದು. ಆಫೀಸಿನಲ್ಲಿ ಕೂತು ವಿಡಿಯೋ ನೋಡೋಕಾಗದವರಿಗೆ, ಊರಿನ ಮೇಷ್ಟ್ರಿಗೆ ಕಳಿಸ್ಬೇಕು ಅನ್ನೋರಿಗೆ ಇದು ಅನುಕೂಲ.

ನಮ್ಮಲ್ಲಿ ತುಂಬಾ ಜನ ಕೇಳೋ ಪ್ರಶ್ನೆ ಒಂದಿದೆ: "ನಾನು ಓದಿದ ಶಾಲೆಗೆ ಏನಾದ್ರೂ ಮಾಡ್ಬೇಕು. ಸ್ಮಾರ್ಟ್ ಟಿವಿ ಕೊಡ್ಲಾ, ಟ್ಯಾಬ್ ಕೊಡ್ಲಾ?" ಅಹಮದಾಬಾದಿರಲಿ, ಪುಣೆಯಿರಲಿ, ನ್ಯೂಜೆರ್ಸಿಯಿರಲಿ, ಐಟಿಯಲ್ಲಿರೋ ಕನ್ನಡಿಗರಿಗೆ ಈ ಆಸೆ ಸಹಜ. ಇದಕ್ಕೆ ಉತ್ತರ ಹುಡುಕೋಕೆ 2020-21ರ ಎರಡು ವರ್ಷಕ್ಕಿಂತ ಒಳ್ಳೆ ಜಾಗ ಇಲ್ಲ. ಶಾಲೆ ಮುಚ್ಚಿದಾಗ ಯಾವ ತಂತ್ರಜ್ಞಾನ ಕೆಲಸ ಮಾಡಿತು, ಯಾವುದು ಮಾಡಲಿಲ್ಲ, ಪಾಠ ಮಾಡೋರು ಎದೆಗುಂದದೆ ಹೇಗೆ ಉಳಿದ್ರು, ಎಲ್ಲವೂ ಆಗ ಕಣ್ಣೆದುರೇ ನಡೆಯಿತು.

ಮೊದಲು ನಾನಿರೋ ಜಾಗದಿಂದಲೇ ಶುರು ಮಾಡ್ತೀನಿ.

ವಸ್ತ್ರಾಪುರದ ಪಕ್ಕದಿಂದ ರಾಯಚೂರಿಗೆ

ನಾನಿರೋದು ಅಹಮದಾಬಾದಿನ ವಸ್ತ್ರಾಪುರ. ಪಕ್ಕದಲ್ಲೇ ಸ್ಯಾಟಲೈಟ್ ಅನ್ನೋ ಬಡಾವಣೆ ಇದೆ. ಹೊಸದಾಗಿ ಬಂದವರಿಗೆ ಈ ಹೆಸರು ಕೇಳಿ ನಗು ಬರುತ್ತೆ. ಆದ್ರೆ ಅದು ಸುಮ್ಮನೆ ಬಂದ ಹೆಸರಲ್ಲ. ಜೋಧಪುರ ಟೇಕರಾದಲ್ಲಿ ಇಸ್ರೋದ ಸ್ಪೇಸ್ ಅಪ್ಲಿಕೇಷನ್ಸ್ ಸೆಂಟರ್ ಇದೆ, ಹೆಸರು ಬಂದದ್ದು ಅದರಿಂದ.

1975ರ ಆಗಸ್ಟ್ 1ರಂದು ಇಲ್ಲಿಂದ ಒಂದು ದೊಡ್ಡ ಪ್ರಯೋಗ ಶುರುವಾಯ್ತು. ಹೆಸರು ಸೈಟ್, ಅಂದ್ರೆ ಉಪಗ್ರಹದ ಮೂಲಕ ಟಿವಿ ಶಿಕ್ಷಣದ ಪ್ರಯೋಗ. ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಕೊಟ್ಟಿತ್ತು. ಅಹಮದಾಬಾದಿನ ಭೂಕೇಂದ್ರದಿಂದ ಕಾರ್ಯಕ್ರಮ ಸುಮಾರು 36,000 ಕಿಲೋಮೀಟರ್ ಮೇಲೆ ಹೋಗಿ, ಆರು ರಾಜ್ಯಗಳ 2,400 ಹಳ್ಳಿಗಳಿಗೆ ಇಳೀತಿತ್ತು. ಅದರಲ್ಲಿ ಕರ್ನಾಟಕವೂ ಒಂದು. ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಹತ್ತಡಿ ಅಗಲದ ತಂತಿಬಲೆಯ ಆಂಟೆನಾ ನಿಲ್ಲಿಸಿ, ಬೆಳಗ್ಗೆ ಮಕ್ಕಳಿಗೆ ಕನ್ನಡದಲ್ಲೇ ಇಪ್ಪತ್ತೆರಡೂವರೆ ನಿಮಿಷದ ಕಾರ್ಯಕ್ರಮ ತೋರಿಸ್ತಿದ್ರು.

ಆ ಕಾಲಕ್ಕೆ ಇದು ಅದ್ಭುತ, ಅನುಮಾನವೇ ಇಲ್ಲ. ಆದ್ರೆ ಎಂಜಿನಿಯರ್ ಕಣ್ಣಿಂದ ನೋಡಿದ್ರೆ ಅದು ಒಂದೇ ದಿಕ್ಕಿನ ದಾರಿ. ಮಗು ಟಿವಿಯನ್ನ ನೋಡಬಹುದು, ಟಿವಿ ಮಗುವನ್ನ ನೋಡಲ್ಲ. ಇದು ಅವರಿಗೂ ಗೊತ್ತಿತ್ತು. ಅದಕ್ಕೇ ಪ್ರಯೋಗದ ಜೊತೆಗೆ ಸಮಾಜ ಸಂಶೋಧಕರು ಹಳ್ಳಿಗಳಿಗೆ ಹೋಗಿ ಜನರ ಮಾತು ಸಂಗ್ರಹಿಸಿದ್ರು. ಅದೇ ಹೊತ್ತಿಗೆ ಅಹಮದಾಬಾದಿನ ಹತ್ತಿರದ ಖೇಡಾ ಜಿಲ್ಲೆಯಲ್ಲಿ ಪಿಜ್ ಎಂಬ ಊರಿನ ಸಣ್ಣ ಟ್ರಾನ್ಸ್‌ಮಿಟರಿನಿಂದ ಇನ್ನೊಂದು ಯೋಜನೆ ನಡೀತು. ಅಲ್ಲಿ ಹಳ್ಳಿಯವರೇ ಕಾರ್ಯಕ್ರಮದಲ್ಲಿ ಪಾಲ್ಗೊಂಡ್ರು, ತಮ್ಮ ಸಮಸ್ಯೆ ತಾವೇ ಹೇಳಿದ್ರು. ಮುಂದೆ ಆ ಖೇಡಾ ಯೋಜನೆಗೆ ಯುನೆಸ್ಕೋ ಕಡೆಯ ಪ್ರಶಸ್ತಿಯೂ ಬಂತು.

ಇಷ್ಟು ಹಿಂದಿನ ಕತೆ ಯಾಕೆ ಹೇಳ್ದೆ ಅಂದ್ರೆ, ನಲವತ್ತೈದು ವರ್ಷ ಆದ್ಮೇಲೆ ಕೊರೋನಾ ಬಂದಾಗ ಅದೇ ಪ್ರಶ್ನೆ ಅದೇ ಜಿಲ್ಲೆಗಳಲ್ಲಿ ಮತ್ತೆ ಎದ್ದು ನಿಂತಿತು.

2020: ಕಳಿಸೋ ದಾರಿ ತುಂಬಾ, ಬರೋ ದಾರಿ ಇಲ್ಲ

2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದ್ವು. ಕರ್ನಾಟಕದಲ್ಲಿ ಚಂದನ ವಾಹಿನಿಯಲ್ಲಿ ಸೇತುಬಂಧ, ಆಮೇಲೆ ಸಂವೇದ ಪಾಠಗಳು ಬಂದ್ವು. ಇಲ್ಲಿ ಗುಜರಾತಿನಲ್ಲಿ ಡಿಡಿ ಗಿರ್ನಾರ್, ವಂದೇ ಗುಜರಾತ್ ವಾಹಿನಿಗಳಲ್ಲಿ ಪಾಠ. ಯೂಟ್ಯೂಬ್, ದೀಕ್ಷಾ ಆ್ಯಪ್, ವಾಟ್ಸಾಪ್‌ನಲ್ಲಿ ಪಿಡಿಎಫ್ ಮೇಲೆ ಪಿಡಿಎಫ್. ಕಳಿಸೋದಕ್ಕೆ ಏನೂ ಕೊರತೆ ಇರಲಿಲ್ಲ.

ತಲುಪಿದ್ದು ಎಷ್ಟು? ಕೇಂದ್ರ ಸರ್ಕಾರದ 2017-18ರ ಮಾದರಿ ಸಮೀಕ್ಷೆ ಪ್ರಕಾರ, ದೇಶದ ಗ್ರಾಮೀಣ ಮನೆಗಳಲ್ಲಿ ಕಂಪ್ಯೂಟರ್ ಇದ್ದದ್ದು ಶೇಕಡಾ 4.4ರಷ್ಟು ಮನೆಗಳಲ್ಲಿ, ಇಂಟರ್ನೆಟ್ ಸೌಲಭ್ಯ ಇದ್ದದ್ದು ಶೇಕಡಾ 14.9ರಲ್ಲಿ. ಮನೇಲಿ ಒಂದು ಸ್ಮಾರ್ಟ್‌ಫೋನ್ ಇದ್ರೂ ಅದು ಅಪ್ಪನ ಜೇಬಿನಲ್ಲಿ ಹೊಲಕ್ಕೆ ಹೋಗಿರುತ್ತೆ.

ಇನ್ನು ಡೇಟಾ ಲೆಕ್ಕ. ವಿಡಿಯೋ ಕಾಲ್ ಸೆಕೆಂಡಿಗೆ 600 ಕಿಲೋಬಿಟ್ ತಗೊಳ್ಳುತ್ತೆ ಅಂತಿಟ್ಕೊಳ್ಳಿ. ಗಂಟೆಗೆ 270 ಎಂಬಿ ಆಯ್ತು. ದಿನಕ್ಕೆ ನಾಲ್ಕು ಪಿರಿಯಡ್ ಅಂದ್ರೆ 1 ಜಿಬಿ ದಾಟ್ತು, ಅದೂ ಒಂದು ಮಗುವಿಗೆ. ಮನೇಲಿ ಮೂರು ಮಕ್ಕಳಿದ್ರೆ? ಅದೇ ನಾಲ್ಕು ನಿಮಿಷದ ಧ್ವನಿ ಸಂದೇಶ, ಸೆಕೆಂಡಿಗೆ 16 ಕಿಲೋಬಿಟ್ ಲೆಕ್ಕದಲ್ಲಿ ಅರ್ಧ ಎಂಬಿಯೂ ಆಗಲ್ಲ. ನೆಟ್‌ವರ್ಕ್ ಒಂದೇ ಕಡ್ಡಿ ಇದ್ರೂ ಹೋಗಿ ಸೇರುತ್ತೆ.

ನೆಟ್‌ವರ್ಕಿಂಗ್ ಓದಿದವರಿಗೆ ಯುಡಿಪಿ, ಟಿಸಿಪಿ ವ್ಯತ್ಯಾಸ ಗೊತ್ತು. ಗೊತ್ತಿಲ್ಲದವರಿಗೆ ಸುಲಭವಾಗಿ ಹೇಳ್ತೀನಿ. ಯುಡಿಪಿ ಅಂದ್ರೆ ಪೋಸ್ಟ್ ಡಬ್ಬಿಗೆ ಕಾರ್ಡ್ ಹಾಕಿದ ಹಾಗೆ, ಸೇರಿತೋ ಇಲ್ವೋ ಕೇಳೋ ಹಾಗಿಲ್ಲ. ಟಿಸಿಪಿ ಅಂದ್ರೆ ರಿಜಿಸ್ಟರ್ ಪೋಸ್ಟ್, ಆ ಕಡೆಯಿಂದ "ಬಂತು" ಅಂತ ಸಹಿ ವಾಪಸ್ ಬರಬೇಕು. ಬರದಿದ್ರೆ ಮತ್ತೆ ಕಳಿಸ್ಬೇಕು. ಶಾಲೆಯ ಕೋಣೆ ಟಿಸಿಪಿ ಇದ್ದ ಹಾಗೆ. ಮೇಷ್ಟ್ರು ಮಕ್ಕಳ ಮುಖ ನೋಡ್ತಾರೆ, ಹಿಂದಿನ ಬೆಂಚಿನಲ್ಲಿ ಹುಬ್ಬು ಗಂಟಾಯ್ತಾ, ಲೆಕ್ಕ ಇನ್ನೊಂದ್ಸಲ ಮಾಡ್ತಾರೆ. ಕೊರೋನಾ ಬಂದು ಇಡೀ ಶಾಲೆಯನ್ನ ರಾತ್ರೋರಾತ್ರಿ ಯುಡಿಪಿ ಮಾಡಿಬಿಡ್ತು.

ಮೇಷ್ಟ್ರು ಕುಗ್ಗಿದ್ದೂ ಇದೇ ಕಾರಣಕ್ಕೆ

ನನ್ನ ಅಕ್ಕ ರಾಯಚೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸ್ತಾಳೆ. ಆಗ ಅವಳು ಹೇಳಿದ ಮಾತು: "ಗ್ವಾಡಿಗೆ ಪಾಠ ಹೇಳ್ದಂಗಾಗ್ಯಾದ ನೋಡೋ ತಮ್ಮಾ." ಹದಿನಾರು ವರ್ಷ ಕಲಿಸಿದ ಹೆಂಗಸು. ಅವಳಿಗೆ ಮೊಬೈಲ್ ಬಳಸೋಕೆ ಬರಲ್ಲ ಅಂತಲ್ಲ, ಕೋವಿಡ್ ಸಮೀಕ್ಷೆಯ ಕೆಲಸ ಹೆಚ್ಚಾಯ್ತು ಅಂತಲೂ ಅಲ್ಲ. "ತಿಳೀತೇನ್ರೋ?" ಅಂದಾಗ ಆ ಕಡೆಯಿಂದ ಏನೂ ಬರದೇ ಇರೋದು, ಅದು ಅವಳನ್ನ ತಿಂದುಹಾಕ್ತಿತ್ತು.

ಆಗ ಶಿಕ್ಷಕರಿಗೆ ಧೈರ್ಯ ತುಂಬೋಕೆ ಸಾಕಷ್ಟು ವೆಬಿನಾರ್ ನಡೆದ್ವು. ಧ್ಯಾನ ಮಾಡಿ, ಒಳ್ಳೇದನ್ನೇ ಯೋಚಿಸಿ ಅಂತ. ತಪ್ಪೇನಿಲ್ಲ. ಆದ್ರೆ ಪಾಠ ಮಾಡೋರ ಹುಮ್ಮಸ್ಸಿಗೆ ಮೂಲ ಎಲ್ಲಿದೆ? ಮಗುವಿಗೆ ಅರ್ಥ ಆದದ್ದು ಕಣ್ಣಿಗೆ ಕಾಣೋದ್ರಲ್ಲಿದೆ. ಅದನ್ನ ಕಿತ್ತುಕೊಂಡು ಖುಷಿಯಾಗಿರಿ ಅಂದ್ರೆ ಹೇಗೆ? ಮಕ್ಕಳಿಂದ ವಾಪಸ್ ಬರೋ ದಾರಿಯನ್ನ ಮೊದಲು ಕಟ್ಟಬೇಕು. ಮಗು ಓದಿನಲ್ಲಿ ಉಳಿಯೋದೂ ಮೇಷ್ಟ್ರು ಕುಗ್ಗದೆ ಉಳಿಯೋದೂ ಅದೇ ದಾರಿಯಿಂದ.

ಇದನ್ನ ಸರ್ಕಾರಿ ಶಾಲೆಗಳಲ್ಲೇ ಮಾಡಿ ನೋಡಿದ್ರು. 2020ರ ಆಗಸ್ಟ್‌ನಲ್ಲಿ ಕರ್ನಾಟಕದಲ್ಲಿ ವಿದ್ಯಾಗಮ ಬಂತು. ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಿ ಗುಡಿ ಕಟ್ಟೆ, ಮರದ ನೆರಳು, ಸಮುದಾಯ ಭವನದಲ್ಲಿ ಸಣ್ಣ ಗುಂಪು ಮಾಡಿ ಕಲಿಸಿದ್ರು. ಯಾರ ಮನೇಲಿ ಯಾವ ಫೋನ್ ಇದೆ, ಯಾರಿಗೆ ಏನೂ ಇಲ್ಲ ಅಂತ ಮೊದಲು ಪಟ್ಟಿ ಮಾಡಿ ಗುಂಪು ಮಾಡಿದ್ದು ಅದರ ಜಾಣತನ. ಗುಜರಾತಿನಲ್ಲೂ ಇದೇ ರೀತಿ ಶೇರಿ ಶಿಕ್ಷಣ ನಡೀತು. ಗುಜರಾತಿಯಲ್ಲಿ ಶೇರಿ ಅಂದ್ರೆ ಓಣಿ; ನಮ್ಮ ಕೇರಿ ಅಂತಲೇ ಕಿವಿಗೆ ಕೇಳಿಸುತ್ತೆ. ಆದ್ರೆ ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿದ ವರದಿಗಳು ಬಂದ್ಮೇಲೆ, ಅಕ್ಟೋಬರ್ 10ರಂದು ವಿದ್ಯಾಗಮ ನಿಂತಿತು. ಮತ್ತೆ ಶುರುವಾದದ್ದು 2021ರ ಜನವರಿ 1ಕ್ಕೆ. ನಡುವಿನ ಎರಡೂವರೆ ತಿಂಗಳು ನಮ್ಮ ಕಡೆ ಹತ್ತಿ ಬಿಡಿಸೋ ಕಾಲ. ಮಕ್ಕಳು ಕೈತಪ್ಪಿ ಹೋಗೋದು ಆಗಲೇ.

ಅಕ್ಕ ಮಾಡಿದ ವ್ಯವಸ್ಥೆ

ಹತ್ತನೇ ತರಗತಿಯಲ್ಲಿ 54 ಮಕ್ಕಳು. ವಿದ್ಯಾಗಮದ ಪಟ್ಟಿ ಕೈಯಲ್ಲಿತ್ತು: 17 ಮನೆಗಳಲ್ಲಿ ಸ್ಮಾರ್ಟ್‌ಫೋನ್, 28ರಲ್ಲಿ ಕೀಪ್ಯಾಡ್ ಫೋನ್, 9 ಮನೆಗಳಲ್ಲಿ ಏನೂ ಇಲ್ಲ. ಅಕ್ಕ ಮತ್ತು ನಾನು ಫೋನಿನಲ್ಲೇ ಕೂತು ಒಂದು ವ್ಯವಸ್ಥೆ ಮಾಡಿದ್ವಿ.

ಒಂದು, ಸ್ಮಾರ್ಟ್‌ಫೋನ್ ಇರೋರಿಗೆ ವಿಡಿಯೋ ಇಲ್ಲ. ದಿನಕ್ಕೆ ನಾಲ್ಕು ನಿಮಿಷದ ಒಂದು ಧ್ವನಿ ಸಂದೇಶ, ಜೊತೆಗೆ ಅಕ್ಕ ಕೈಯಲ್ಲಿ ಬರೆದ ಲೆಕ್ಕದ ಒಂದು ಫೋಟೋ. ಕೊನೆಗೆ ಒಂದೇ ಪ್ರಶ್ನೆ. ಉತ್ತರವನ್ನ ಮಗು ಧ್ವನಿಯಲ್ಲೇ ಕಳಿಸ್ಬೇಕು. "ಓಕೆ ಮೇಡಂ" ಅಂದ್ರೆ ಲೆಕ್ಕಕ್ಕಿಲ್ಲ.

ಎರಡು, ಕೀಪ್ಯಾಡ್ ಫೋನಿಗೆ ಕಾನ್ಫರೆನ್ಸ್ ಕಾಲ್. ಸಾದಾ ಕಾಲ್‌ನಲ್ಲೇ ಐದು ಜನರನ್ನ ಸೇರಿಸಬಹುದು, ಇದು ಎಷ್ಟೋ ಜನರಿಗೆ ಗೊತ್ತಿಲ್ಲ. 28 ಮಕ್ಕಳಿಗೆ ಆರು ಗುಂಪು. ಸಂಜೆ ಅಪ್ಪ ಹೊಲದಿಂದ ಬಂದ್ಮೇಲೆ, ಆರೂವರೆಯಿಂದ ಇಪ್ಪತ್ತಿಪ್ಪತ್ತು ನಿಮಿಷದ ಮೂರು ಕಾಲ್. ಎರಡು ದಿನಕ್ಕೆ ಒಂದು ಸುತ್ತು ಮುಗೀತು. ಪಠ್ಯಪುಸ್ತಕ ಎಲ್ಲರ ಹತ್ರ ಇತ್ತು, ಪುಟದ ಸಂಖ್ಯೆ ಹೇಳಿದ್ರೆ ಸಾಕು.

ಮೂರು, ಏನೂ ಇಲ್ಲದ ಒಂಬತ್ತು ಮಕ್ಕಳಿಗೆ ಅದೇ ಓಣಿಯ ಒಬ್ಬೊಬ್ಬರನ್ನ ಜೋಡಿ ಮಾಡಿದ್ದು. ಕಾಲ್ ಮುಗಿದ ಮೇಲೆ ಜೋಡಿಗೆ ಹೇಳಿಕೊಡೋದು ಆ ಮಗುವಿನ ಜವಾಬ್ದಾರಿ. ಅವರಲ್ಲಿ ಕೆಲವರು ಹೇಳಿಕೊಡ್ತಾ ಹೇಳಿಕೊಡ್ತಾ ತಾವೇ ಚೆನ್ನಾಗಿ ಕಲಿತ್ರು.

ನಾಲ್ಕು, ಒಂದು ಶೀಟ್. ಸರ್ವರ್ ಬದುಕಿದೆಯಾ ಅಂತ ನೋಡೋಕೆ ನಾವು ಹಾರ್ಟ್‌ಬೀಟ್ ಇಡ್ತೀವಲ್ಲ, ಅದೇ ಉಪಾಯ. ಮಗುವಿನ ಹೆಸರು, ಕೊನೆಗೆ ಮಾತಾಡಿದ ತಾರೀಕು, ಒಂದು ಸಾಲಿನ ಟಿಪ್ಪಣಿ. ಐದು ದಿನ ಮಾತಿಲ್ಲ ಅಂದ್ರೆ ಆ ಸಾಲು ಕೆಂಪಾಗುತ್ತೆ. ಅಷ್ಟೇ. ಇದಕ್ಕೆ ಎಂಟೆಕ್ ಬೇಕಿಲ್ಲ, ಕೆಂಪು ಪೆನ್ನಿದ್ರೆ ನೋಟ್‌ಬುಕ್ಕಿನಲ್ಲೂ ಆಗುತ್ತೆ.

ನವೆಂಬರ್‌ನಲ್ಲಿ ಒಂದು ಹುಡುಗಿಯ ಸಾಲು ಕೆಂಪಾಯ್ತು. ಫೋನ್ ಸ್ವಿಚ್ ಆಫ್. ಏಳನೇ ದಿನ ಅಕ್ಕ ಇನ್ನೊಬ್ಬ ಶಿಕ್ಷಕಿಯನ್ನ ಕರ್ಕೊಂಡು ಮಾಸ್ಕ್ ಹಾಕ್ಕೊಂಡು ಮನೆಗೆ ಹೋದ್ಲು. ಹುಡುಗಿ ಅವ್ವನ ಜೊತೆ ಹತ್ತಿ ಬಿಡಿಸೋಕೆ ಹೋಗಿದ್ಲು. ಫೋನಿಗೆ ರೀಚಾರ್ಜ್ ಇರಲಿಲ್ಲ. ಮನೇಲಿ ಮದುವೆ ಮಾತೂ ಶುರುವಾಗಿತ್ತು. ಅಕ್ಕ ಕಟ್ಟೆ ಮೇಲೆ ಕೂತು ಅಪ್ಪನ ಹತ್ರ ಮಾತಾಡಿದ್ಲು: "ಹದಿನೆಂಟಾಗೋ ಮಟ ಮದಿವಿ ಮಾತು ಎತ್ತಬ್ಯಾಡ್ರಿ ಅಣ್ಣಾರ. ಆಕಿ ಲೆಕ್ಕದಾಗ ಭಾಳ ಶ್ಯಾಣ್ಯಾ ಅದಾಳ್ರಿ." ಬೆದರಿಕೆ ಹಾಕಲಿಲ್ಲ, ಆದ್ರೆ ಮಕ್ಕಳ ಸಹಾಯವಾಣಿ 1098ರ ಸಂಖ್ಯೆಯನ್ನ ಹುಡುಗಿಯ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದು ಬಂದ್ಲು. ಹೊಲದ ಕೆಲಸ ಬಿಡೋಕಾಗಲ್ಲ ಅಂದ್ರು, ಸರಿ, ಕಾಲ್‌ನ ಸಮಯವನ್ನ ರಾತ್ರಿ ಎಂಟಕ್ಕೆ ಬದಲಾಯಿಸಿದ್ವಿ.

2021ರಲ್ಲಿ ಎರಡನೇ ಅಲೆ ಬಂದು ಮತ್ತೆ ಶಾಲೆ ಮುಚ್ಚಿತು. ಎಸ್ಸೆಸ್ಸೆಲ್ಸಿ ಪರೀಕ್ಷೆ ಜುಲೈ 19 ಮತ್ತು 22, ಎರಡೇ ದಿನ, ಒಎಂಆರ್ ಹಾಳೆಯಲ್ಲಿ ನಡೀತು. ಅಕ್ಕ ಹಾಳೆಯ ಮಾದರಿಯನ್ನ ಜೆರಾಕ್ಸ್ ಮಾಡಿಸಿ ಓಣಿ ಓಣಿಗೆ ಕಳಿಸಿದ್ಲು, ವೃತ್ತ ತುಂಬೋದು ಹೇಗೆ ಅಂತ ಕಾನ್ಫರೆನ್ಸ್ ಕಾಲ್‌ನಲ್ಲಿ ಹೇಳಿಕೊಟ್ಲು. ಆ ಹುಡುಗಿ ಪರೀಕ್ಷೆ ಬರೆದ್ಲು. ಎಲ್ಲ ಮಕ್ಕಳೂ ಬರೆದ್ರು ಅಂತ ಹೇಳೋಕಾಗಲ್ಲ. ಇಬ್ಬರು ಹುಡುಗರು ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋದವರು ವಾಪಸ್ ಬರಲೇ ಇಲ್ಲ. ಅವರ ಸಾಲು ಶೀಟಿನಲ್ಲಿ ಇವತ್ತಿಗೂ ಕೆಂಪಾಗೇ ಇದೆ.

ಹುಮ್ಮಸ್ಸು ಉಳಿಸಿಕೊಳ್ಳೋಕೆ ಮೂರು ಅಭ್ಯಾಸ

ಅಕ್ಕನ ಕೆಲಸ ಕಮ್ಮಿ ಆಗಲಿಲ್ಲ, ಹೆಚ್ಚೇ ಆಯ್ತು. ಆದ್ರೂ "ಗ್ವಾಡಿ" ಅನ್ನೋ ಮಾತು ನಿಂತಿತು. ಅವಳು ಪಾಲಿಸಿದ್ದು ಇಷ್ಟು.

ಗುರಿ ಸಣ್ಣದಿರಲಿ. "ಪಾಠ ಮುಗಿಸ್ಬೇಕು" ಅನ್ನೋದು ಬೇಡ, "ಇವತ್ತು ಹದಿನೈದು ಮಕ್ಕಳ ಧ್ವನಿ ಕೇಳ್ಬೇಕು" ಅನ್ನೋದು ಸಾಕು.

ಹೊತ್ತು ಗೊತ್ತು ಇರಲಿ. ರಾತ್ರಿ ಎಂಟೂವರೆ ಆದ್ಮೇಲೆ ಫೋನ್ ಗೂಡಿಗೆ. ದಿನವಿಡೀ ವಾಟ್ಸಾಪ್‌ಗೆ ಉತ್ತರ ಕೊಡ್ತಾ ಕೂತ್ರೆ ತಿಂಗಳಲ್ಲಿ ಯಾರೇ ಆದ್ರೂ ಸೋತು ಹೋಗ್ತಾರೆ.

ಜೊತೆ ಇರಲಿ. ಶನಿವಾರ ನಾಲ್ಕು ಶಿಕ್ಷಕರು ಅರ್ಧ ಗಂಟೆ ಕಾಲ್. ಯಾವ ಮಗು ಏನು ಬಿಡಿಸಿತು ಅಂತ ಒಬ್ಬೊಬ್ಬರು ಒಂದೊಂದು ಹೇಳ್ಬೇಕು. ಇಲಾಖೆಯ ಸುತ್ತೋಲೆ ಬಗ್ಗೆ ಮಾತಾಡೋ ಹಾಗಿಲ್ಲ!

ಹಾಗಾದ್ರೆ ನಾವೇನು ಮಾಡ್ಬೇಕು?

ಟಿವಿ, ಟ್ಯಾಬ್ ಕೊಡಬೇಡಿ ಅಂತ ನಾನು ಹೇಳ್ತಿಲ್ಲ. ಕೊಡೋ ಮುಂಚೆ ಒಂದು ಪ್ರಶ್ನೆ ಕೇಳಿ: ಇದರಲ್ಲಿ ಮಗು ವಾಪಸ್ ಮಾತಾಡೋದು ಹೇಗೆ? ಉತ್ತರ ಇಲ್ಲ ಅಂದ್ರೆ ಮೊದಲು ಅದಕ್ಕೆ ದುಡ್ಡು ಇಡಿ. ಒಂದು ಸ್ಮಾರ್ಟ್ ಬೋರ್ಡಿನ ಬೆಲೆಗೆ ಎಷ್ಟು ಮನೆಗಳ ಫೋನಿಗೆ ರೀಚಾರ್ಜ್ ಆಗುತ್ತೆ, ಲೆಕ್ಕ ಹಾಕಿ ನೋಡಿ.

ದುಡ್ಡಿಗಿಂತ ದೊಡ್ಡದು ಸಮಯ. ನಾನು ಆ ವರ್ಷ ಭಾನುವಾರ ಬೆಳಗ್ಗೆ ಒಂದು ಗಂಟೆ ವಸ್ತ್ರಾಪುರದ ಮನೆಯಿಂದಲೇ ಐದೈದು ಮಕ್ಕಳ ಎರಡು ಗುಂಪಿಗೆ ಗಣಿತದ ಅನುಮಾನ ಬಗೆಹರಿಸ್ತಿದ್ದೆ. ನಿಮ್ಮೂರಿನ ಶಾಲೆಯಲ್ಲೂ ಕೆಂಪಾದ ಸಾಲುಗಳು ಇದ್ದೇ ಇರ್ತವೆ, ಅದಕ್ಕೆ ಕೊರೋನಾನೇ ಬೇಕಿಲ್ಲ. ಮುಖ್ಯ ಶಿಕ್ಷಕರಿಗೆ ಫೋನ್ ಮಾಡಿ, ಅವರು ಒಪ್ಪಿದ್ರೆ ವಾರಕ್ಕೊಂದು ಗಂಟೆ ತಗೊಳ್ಳಿ. ನೀವು ಜಾಸ್ತಿ ಮಾತಾಡಬೇಡಿ, ಮಕ್ಕಳನ್ನ ಮಾತಾಡಿಸಿ.

ಇವತ್ತಿಗೆ ಇಷ್ಟು. ಮುಂದಿನ ವಾರ ಇನ್ನೊಂದು ವಿಷಯ ತಗೊಂಡು ಸಿಗೋಣ.