ಮಮದಾಪುರದ ಕೆರೆಯನ್ನು ಫೈಲಿನಲ್ಲಿ ಉಳಿಸುವ ಬಗೆ

ಬಬಲೇಶ್ವರ ತಾಲ್ಲೂಕಿನ ಮಮದಾಪುರದಲ್ಲಿ ಆದಿಲ್‌ಶಾಹಿ ಕಾಲದ ದೊಡ್ಡ ಕೆರೆಯಿದೆ. ಅದರ ನೀರಿನ ಲೆಕ್ಕ ಇಡಲು ಒಂದು ಪ್ರೋಗ್ರಾಮ್ ಬರೆದೆವು ಎನ್ನಿ. ‘ಕೆರೆ’ ಎಂಬ ಕ್ಲಾಸಿನಲ್ಲಿ ಹೆಸರು, ಜಿಲ್ಲೆ, ನೀರಿನ ಮಟ್ಟ ಇರುತ್ತವೆ. ಮಮದಾಪುರದ ಕೆರೆ ಆ ಕ್ಲಾಸಿನ ಒಂದು ಆಬ್ಜೆಕ್ಟ್. ಆದರೆ ಅದು ಇರುವುದು ಮೆಮೊರಿಯಲ್ಲಿ, ಕರೆಂಟ್ ಹೋದರೆ ಅದೂ ಹೋಯಿತು. ಅದರ ಸ್ಥಿತಿಯನ್ನು ಬೈಟ್‌ಗಳ ಸಾಲಾಗಿಸಿ ಫೈಲಿಗೆ ಬರೆಯುವುದು ಸೀರಿಯಲೈಸೇಶನ್. ಆ ಸಾಲನ್ನೋದಿ ಆಬ್ಜೆಕ್ಟನ್ನು ಮತ್ತೆ ಕಟ್ಟುವುದು ಡೀಸೀರಿಯಲೈಸೇಶನ್.

ಹೆಸರನ್ನೇ ನೋಡೋಣ. ‘ಮಮದಾಪುರ’ ನಮ್ಮ ಕಣ್ಣಿಗೆ ಐದು ಅಕ್ಷರ. ಯೂನಿಕೋಡ್ ದೀರ್ಘವನ್ನೂ ಕೊಂಬನ್ನೂ ಬೇರೆಯಾಗಿ ಎಣಿಸುವುದರಿಂದ ಅದಕ್ಕೆ 7 ಸಂಕೇತ. ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 21. ‘ಮ’ ಫೈಲಿಗೆ ಇಳಿಯುವುದು 224, 178, 174 ಆಗಿ. ಓದುವವರಿಗೂ ಇದೇ ಕ್ರಮ ಗೊತ್ತಿರಬೇಕು. ‘ನುಡಿ’ ತಂತ್ರಾಂಶದ ಕನ್ನಡ ಫಾಂಟಿನಲ್ಲಿ ಬರೆದ ಹಳೆಯ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದವರಿಗೆ ಕಂಡದ್ದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಬೈಟ್ ಒಂದೂ ಕಳೆದಿರಲಿಲ್ಲ, ಅರ್ಥ ಕೊಡುವ ಕ್ರಮ ಅಲ್ಲಿರಲಿಲ್ಲ.

ನನಗೆ ಇನ್ನೂ ಸೋಜಿಗ ಎನಿಸುವುದು ಆಬ್ಜೆಕ್ಟ್‌ಗಳ ನಡುವಿನ ಸಂಬಂಧ ಉಳಿಸುವ ಕೆಲಸ. ನಮ್ಮ ಪ್ರೋಗ್ರಾಮಿನಲ್ಲಿ ‘ಹೊಲ’ ಎಂಬ ಕ್ಲಾಸೂ ಇದೆ ಎನ್ನಿ. ಅದರ ಎರಡು ಆಬ್ಜೆಕ್ಟ್‌ಗಳು ಒಂದೇ ಕೆರೆಯನ್ನು ತೋರಿಸುತ್ತಿರುತ್ತವೆ. ಮೆಮೊರಿಯ ವಿಳಾಸವನ್ನು ಬರೆದಿಟ್ಟರೆ ನಾಳೆ ಅದು ಕೆಲಸಕ್ಕೆ ಬಾರದು. ಪ್ರತಿ ಹೊಲದ ಜೊತೆಗೂ ಕೆರೆಯ ವಿವರ ಬರೆದರೆ, ತೆರೆದಾಗ ಎರಡು ಕೆರೆ ಹುಟ್ಟುತ್ತವೆ. ಒಂದರ ನೀರು ಇಳಿದರೂ ಇನ್ನೊಂದು ತುಂಬಿಯೇ ಇರುತ್ತದೆ. 1997ರ 1.1 ಆವೃತ್ತಿಯಲ್ಲೇ ಸೀರಿಯಲೈಸೇಶನ್ ಸೇರಿಸಿಕೊಂಡ ಜಾವಾ, ಒಮ್ಮೆ ಬರೆದ ಆಬ್ಜೆಕ್ಟಿಗೆ ಸಂಖ್ಯೆ ಕೊಟ್ಟು ಮುಂದೆ ಆ ಸಂಖ್ಯೆಯನ್ನಷ್ಟೇ ಬರೆಯುತ್ತದೆ. ಜೇಸನ್ ಎಂಬ ಫೈಲ್ ರೂಪದಲ್ಲಿ ಈ ಏರ್ಪಾಡಿಲ್ಲ, ಪ್ರೋಗ್ರಾಮರೇ ಮಾಡಿಕೊಳ್ಳಬೇಕು.

ಅಪಾಯವೂ ಉಂಟು. ಪೈಥಾನ್ ಭಾಷೆಯ ಸೀರಿಯಲೈಸೇಶನ್ ರೂಪವಾದ ಪಿಕಲ್ ಫೈಲಿನಲ್ಲಿ ಕಿಡಿಗೇಡಿಗಳು ಅಡಗಿಸಿದ ಆಜ್ಞೆ, ಫೈಲ್ ಓದುತ್ತಿದ್ದಂತೆಯೇ ಜಾರಿಯಾಗಬಹುದು. ಗೊತ್ತಿಲ್ಲದವರಿಂದ ಬಂದ ಪಿಕಲ್ ಫೈಲನ್ನು ತೆರೆಯಲೇಬಾರದು.

ಇನ್ನು ಕಾಲದ ಪ್ರಶ್ನೆ. 2013ರಲ್ಲಿ ಉಳಿಸಿದ ಕೆರೆಯನ್ನು ಇಂದು ತೆರೆದರೆ ಜಿಲ್ಲೆ ‘ಬಿಜಾಪುರ’ ಎಂದೇ ಬರುತ್ತದೆ. 2014ರ ನವೆಂಬರ್ 1ರಂದು ಅದು ವಿಜಯಪುರವಾದದ್ದು ಫೈಲಿಗೆ ತಿಳಿಯದು. ಕ್ಲಾಸಿಗೆ ಆಮೇಲೆ ‘ತಾಲ್ಲೂಕು’ ಎಂಬ ಹೊಸ ಜಾಗ ಸೇರಿಸಿದ್ದರೆ ತೊಡಕು ಹೆಚ್ಚು. ಕ್ಲಾಸಿನ ಆವೃತ್ತಿ ಸಂಖ್ಯೆಯನ್ನು ನಾವೇ ಕೊಡದಿದ್ದರೆ ಜಾವಾ ಕ್ಲಾಸಿನ ರಚನೆಯಿಂದ ಅದನ್ನು ಲೆಕ್ಕಹಾಕುತ್ತದೆ, ಅದು ಫೈಲಿನಲ್ಲಿರುವ ಸಂಖ್ಯೆಗೆ ಹೊಂದದಿದ್ದರೆ ಹಳೆಯ ಫೈಲನ್ನು ತೆರೆಯಲು ಒಪ್ಪುವುದಿಲ್ಲ. ಆದ್ದರಿಂದ ಮೊದಲ ದಿನವೇ ಸಂಖ್ಯೆಯನ್ನು ನಾವೇ ಬರೆದಿಡುವುದು ಒಳ್ಳೆಯದು. ಆಗ ಹಳೆಯ ಕೆರೆಯೂ ತೆರೆದುಕೊಳ್ಳುತ್ತದೆ, ತಾಲ್ಲೂಕಿನ ಜಾಗ ಮಾತ್ರ ಖಾಲಿಯಿರುತ್ತದೆ. ಅಲ್ಲಿ ‘ಬಬಲೇಶ್ವರ’ ಎಂದು ತುಂಬಿ ಮತ್ತೆ ಉಳಿಸಬಹುದು.