ಮುಧೋಳದ ಮುಸ್ಸಂಜೆ, ಸೂರ್ಯನ ಬಿರುಗಾಳಿ

2024ರ ಮೇ 10ರಂದು ರಾತ್ರಿ ಹತ್ತೂವರೆ ಸುಮಾರಿಗೆ, ಸೂರ್ಯ ಉಗುಳಿದ ಕಣಗಳ ಮೋಡವೊಂದು ಭೂಮಿಯ ಕಾಂತಕ್ಷೇತ್ರಕ್ಕೆ ಅಪ್ಪಳಿಸಿತು. 2003ರ ನಂತರ ಇಷ್ಟು ದೊಡ್ಡ ಭೂಕಾಂತ ಬಿರುಗಾಳಿ ಬಂದಿರಲಿಲ್ಲ. ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪೇರಿತು. ಅಮೆರಿಕದಲ್ಲಿ ಮೆಕ್ಕೆಜೋಳ ಬಿತ್ತುತ್ತಿದ್ದ ಎಷ್ಟೋ ರೈತರು ಜಿಪಿಎಸ್ ನೋಡಿ ಸಾಲು ಹಿಡಿಯುವ ಟ್ರ್ಯಾಕ್ಟರುಗಳನ್ನು ಹೊಲದಲ್ಲೇ ನಿಲ್ಲಿಸಿದರು. ಭಾರತಕ್ಕೆ ಮಾತ್ರ ಹೆಚ್ಚಿನ ತೊಂದರೆಯಾಗಲಿಲ್ಲ. ಮುಖ್ಯ ಹೊಡೆತ ಬಿದ್ದಾಗ ನಮ್ಮಲ್ಲಿ 11ರ ಮುಂಜಾನೆ, ವಾತಾವರಣದ ಮೇಲ್ಪದರವಾದ ಅಯಾನುಗೋಳ ಇನ್ನೂ ಪೂರ್ತಿ ಬೆಳೆದಿರಲಿಲ್ಲ ಎಂದು ಇಸ್ರೋ ಕಾರಣ ಕೊಟ್ಟಿತು.

ಈ ಕಾರಣ ನಮ್ಮ ಕಡೆಯವರಿಗೆ ಬಹಳ ಮುಖ್ಯ. ಬಿರುಗಾಳಿ ಎಷ್ಟು ಜೋರಿತ್ತು ಎಂಬುದರಷ್ಟೇ, ಆಗ ನಮ್ಮ ಗಡಿಯಾರದಲ್ಲಿ ಗಂಟೆ ಎಷ್ಟಾಗಿತ್ತು ಎಂಬುದನ್ನೂ ಕೇಳಬೇಕು.

ಬೀಳಗಿಯ ಎರೆ ಹೊಲದಲ್ಲಿ ಹದ್ದುಬಸ್ತಿಗೆ ಬಂದ ಸರ್ವೇಯರ್ ರೋವರ್ ಹಿಡಿದು ನಿಂತಿದ್ದಾರೆ ಎನ್ನಿ. ಕೋಲಿನ ತುದಿಗೆ ದುಂಡನೆಯ ಆಂಟೆನಾ. ರಸಮಟ್ಟದ ಗುಳ್ಳೆ ನಡುವಿಗೆ ಬರುವಂತೆ ಕೋಲನ್ನು ನೆಟ್ಟಗೆ ಹಿಡಿದು ಪರದೆ ನೋಡುತ್ತಾರೆ. ‘ಫ್ಲೋಟ್’ ಎಂದಿದ್ದರೆ ಕಾಯಬೇಕು, ‘ಫಿಕ್ಸ್’ ಬಂದರೆ ಒಂದೆರಡು ಸೆಂಟಿಮೀಟರ್ ಒಳಗೆ ಜಾಗ ಸಿಕ್ಕಿತು ಎಂದರ್ಥ. ಈ ಜಾಗ ತಿಳಿಸುವ ಜಿಪಿಎಸ್ ಉಪಗ್ರಹಗಳು ಇರುವುದು ಸುಮಾರು 20,200 ಕಿ.ಮೀ. ಎತ್ತರದಲ್ಲಿ. ಸಂಕೇತ ಅಷ್ಟು ದೂರ ಸಲೀಸಾಗಿ ಬಂದು, ಕೊನೆಯ ಸಾವಿರ ಕಿ.ಮೀ.ಯಲ್ಲಿ ಅಯಾನುಗೋಳವನ್ನು ದಾಟಬೇಕು. ಬಿಸಿಲು ಅಲ್ಲಿಯ ಅಣುಗಳಿಂದ ಎಲೆಕ್ಟ್ರಾನುಗಳನ್ನು ಬಿಡಿಸಿರುತ್ತದೆ. ಅವು ಹೆಚ್ಚಿದಷ್ಟೂ ಸಂಕೇತ ತಡವಾಗುತ್ತದೆ. ಸೂರ್ಯ ಚುರುಕಾಗಿರುವ ವರ್ಷಗಳಲ್ಲಿ ಮಧ್ಯಾಹ್ನದ ಈ ತಡವನ್ನು ದೂರಕ್ಕೆ ಲೆಕ್ಕ ಹಾಕಿದರೆ ಹತ್ತು ಮೀಟರ್ ದಾಟುವುದೂ ಉಂಟು. ಕಬ್ಬಿನ ಲಾರಿ ಎಲ್ಲಿದೆ ಎಂದು ನೋಡಲು ಅಷ್ಟು ತಪ್ಪು ಲೆಕ್ಕಕ್ಕಿಲ್ಲ. ಬಾಂದು ಕಲ್ಲಿನ ವಿಷಯ ಹಾಗಲ್ಲ.

ತಡವನ್ನು ಅಳೆಯುವ ದಾರಿ ಇದೆ. ಕಡಿಮೆ ಕಂಪನಾಂಕದ ಸಂಕೇತ ಹೆಚ್ಚು ತಡವಾಗುವುದರಿಂದ, ಎರಡು ಕಂಪನಾಂಕಗಳನ್ನು ಹೋಲಿಸಿ ಅಯಾನುಗೋಳದ ಪಾಲನ್ನು ಕಳೆಯಬಹುದು. ವಿಮಾನಗಳಿಗೆಂದು ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಕಟ್ಟಿದ ‘ಗಗನ್’ ವ್ಯವಸ್ಥೆ ದೇಶದ 15 ಕೇಂದ್ರಗಳಲ್ಲಿ ಅಳೆದು, ಬೆಂಗಳೂರಿನ ಕುಂದಲಹಳ್ಳಿಯಲ್ಲಿ ತಿದ್ದುಪಡಿ ಲೆಕ್ಕ ಹಾಕಿ, ಉಪಗ್ರಹದ ಮೂಲಕ ಕಳಿಸುತ್ತದೆ.

ಇದಕ್ಕೂ ಬಗ್ಗದ ತೊಂದರೆಯೊಂದಿದೆ. ಭೂಮಿಯ ಕಾಂತೀಯ ಸಮಭಾಜಕ ತಿರುನೆಲ್ವೇಲಿಯ ಹತ್ತಿರ ಹಾದುಹೋಗುತ್ತದೆ. ಮುಧೋಳ ಅಲ್ಲಿಂದ ಉತ್ತರಕ್ಕೆ ಸುಮಾರು 850 ಕಿ.ಮೀ. ಆ ರೇಖೆಯ ಮೇಲೆ ಹಗಲು ಮೇಲೇರಿದ ಎಲೆಕ್ಟ್ರಾನುಗಳು ಕಾಂತರೇಖೆ ಹಿಡಿದು ಎರಡೂ ಬದಿಗೆ ಜಾರಿ, ಉತ್ತರದಲ್ಲಿ ಅಹಮದಾಬಾದ್–ಭೋಪಾಲ್ ಆಸುಪಾಸಿನ ಆಕಾಶದಲ್ಲಿ ಗುಡ್ಡೆಯಾಗುತ್ತವೆ. ಜಮಖಂಡಿ, ರಬಕವಿ-ಬನಹಟ್ಟಿಗಳ ನೆತ್ತಿಯ ಮೇಲಿರುವುದು ಆ ಗುಡ್ಡೆಯ ಇಳಿಜಾರು. ಸೂರ್ಯ ಮುಳುಗಿದೊಡನೆ ಅಯಾನುಗೋಳದ ತಳ ತೆಳುವಾಗಿ, ಕೆಲವು ಸಂಜೆ ಅಲ್ಲಿಂದ ಎಲೆಕ್ಟ್ರಾನ್ ವಿರಳವಾದ ಗುಳ್ಳೆಗಳು ಮೇಲೇಳುತ್ತವೆ. ಫೆಬ್ರವರಿ–ಏಪ್ರಿಲ್ ಮತ್ತು ಸೆಪ್ಟೆಂಬರ್–ಅಕ್ಟೋಬರ್ ಅವುಗಳ ಸುಗ್ಗಿ. ಬೇಸಿಗೆಯ ಡಾಂಬರು ರಸ್ತೆಯ ಮೇಲೆ ದೂರದ ಮರ ಕುಣಿದಂತೆ, ಗುಳ್ಳೆ ಹಾದು ಬಂದ ಸಂಕೇತ ಏರಿಳಿದು ನಡುಗುತ್ತದೆ. ಸಂಕೇತ ಹಿಡಿಯುವ ಗ್ರಾಹಕ ಅದರ ಎಳೆಯನ್ನೇ ಕಳೆದುಕೊಳ್ಳಬಹುದು. ಸಿಗದ ಸಂಕೇತಕ್ಕೆ ತಿದ್ದುಪಡಿ ಏನು ಮಾಡೀತು?

ಬಿರುಗಾಳಿ ಈ ಗುಳ್ಳೆಗಳನ್ನು ಎಬ್ಬಿಸಲೂಬಲ್ಲದು, ಅಡಗಿಸಲೂಬಲ್ಲದು. 2015ರ ಮಾರ್ಚ್ 17ರ ಬಿರುಗಾಳಿ ಮೇ 2024ರದ್ದಕ್ಕಿಂತ ಎಷ್ಟೋ ಚಿಕ್ಕದು. ಆದರೆ ಅದರ ವಿದ್ಯುತ್ ಕ್ಷೇತ್ರ ಸಮಭಾಜಕದವರೆಗೆ ನುಗ್ಗಿದ್ದು ಭಾರತದಲ್ಲಿ ಹೊತ್ತು ಮುಳುಗುವ ವೇಳೆಗೆ. ಸಂಜೆ ಸಹಜವಾಗಿ ಏರುವ ಅಯಾನುಗೋಳಕ್ಕೆ ಇನ್ನೊಂದು ತಳ್ಳು ಬಿತ್ತು; ಗುಳ್ಳೆಗಳು ಜೋರಾಗಿ ಎದ್ದವು. ಮರುದಿನ ಸಂಜೆ, ಅದೇ ಬಿರುಗಾಳಿಯ ಪರಿಣಾಮವಾಗಿಯೇ, ಅವು ತಣ್ಣಗಾದವು.

ಆದಿತ್ಯ-ಎಲ್1 ನೌಕೆ 2024ರ ಜನವರಿ 6ರಿಂದ 15 ಲಕ್ಷ ಕಿ.ಮೀ. ಆಚೆ ನಿಂತು ಸೌರಮಾರುತವನ್ನು ಅಳೆಯುತ್ತಿದೆ. ಅಷ್ಟು ದೂರದಲ್ಲಿ ಸಿಕ್ಕ ಸುಳಿವು ನಮಗೆ ಅರ್ಧ ಗಂಟೆಯಿಂದ ಒಂದು ಗಂಟೆಯಷ್ಟು ಬಿಡುವು ಕೊಡುತ್ತದೆ. ಮುನ್ನೆಚ್ಚರಿಕೆಯಲ್ಲಿ ಬಿರುಗಾಳಿಯ ಬಲದ ಜೊತೆಗೆ ನಮ್ಮ ಸೂರ್ಯಾಸ್ತದ ಲೆಕ್ಕವೂ ಇರಬೇಕು ಎಂಬುದು ನನ್ನ ಒತ್ತಾಯ. ಗಾಳಿ ಇಳಿಯಲೆಂದು ಕಾದು ಸಂಜೆ ಕಬ್ಬಿಗೆ ಔಷಧಿ ಹೊಡೆಯಲು ಡ್ರೋನ್ ಏರಿಸುವ ಮುಧೋಳದ ಹುಡುಗನಿಗೆ, ಅಂಥ ದಿನ ಕೆಲಸವನ್ನು ಮರುದಿನ ಬೆಳಿಗ್ಗೆಗೆ ಇಟ್ಟುಕೊಳ್ಳಲು ಅಷ್ಟು ಹೊತ್ತು ಸಾಕು.