ಮಹಾಗಣಕದ ತೂಬು ಯಾರಿಗೆ ತೆರೆಯುತ್ತದೆ?

ನಮ್ಮ ಹಳೆಯ ಊರುಗಳಲ್ಲಿ ಕೆರೆಯ ತೂಬಿನ ಬಳಿ ನೀರುಗಂಟಿ ಎಂಬೊಬ್ಬನಿರುತ್ತಿದ್ದನು. ಕೆರೆ ಇಡೀ ಊರಿನದು. ಆದರೆ ಅದರ ನೀರು ಎಲ್ಲರಿಗೂ ಒಮ್ಮೆಗೇ ಸಾಲದು. ಯಾರ ಗದ್ದೆಗೆ ಯಾವ ದಿನ, ಎಷ್ಟು ಹೊತ್ತು ನೀರು ಹರಿಯಬೇಕೆಂಬುದನ್ನು ಅವನು ಸರದಿಯಂತೆ ನಡೆಸುತ್ತಿದ್ದನು. ತೂಬಿನ ಪಕ್ಕದ ಗದ್ದೆಗೆ ಸಿಕ್ಕಂತೆ ಅಚ್ಚುಕಟ್ಟಿನ ಕೊನೆಯ ಗದ್ದೆಗೂ ನೀರು ಸಿಕ್ಕಿದರೆ ಮಾತ್ರ ಅವನಿಗೆ ಒಳ್ಳೆಯ ಹೆಸರು.

ವಿಜ್ಞಾನ ಪ್ರಪಂಚದಲ್ಲಿಯೂ ಇಂದು ಅಂತಹ ಕೆರೆಗಳಿವೆ. ಅವೇ ಮಹಾಗಣಕಗಳು, ಎಂದರೆ ಸೂಪರ್ ಕಂಪ್ಯೂಟರುಗಳು. ಮಳೆಮಾರುತದ ಗತಿ, ಔಷಧದ ಅಣುಗಳ ವರ್ತನೆ, ನಕ್ಷತ್ರಗಳ ಸಂಘಟ್ಟನೆ ಇವೇ ಮೊದಲಾಗಿ ಪ್ರಯೋಗಶಾಲೆಯಲ್ಲಿ ಮಾಡಿ ನೋಡಲಾಗದುದನ್ನು ಲೆಕ್ಕದಲ್ಲಿ ಮಾಡಿ ತೋರಿಸುವ ಯಂತ್ರಗಳಿವು. ಇವುಗಳ ಬೆಲೆ ಕೋಟಿಗಟ್ಟಲೆ. ಒಬ್ಬ ಅಧ್ಯಾಪಕನಾಗಲಿ, ಒಂದು ಸಣ್ಣ ಕಾಲೇಜಾಗಲಿ ಕೊಳ್ಳುವ ಮಾತೇ ಇಲ್ಲ. ರಾಷ್ಟ್ರದ ಹಣದಿಂದ ಕಟ್ಟಿ ಹಂಚಿಕೊಳ್ಳುವುದೊಂದೇ ಉಪಾಯ. ಹಾಗಾದರೆ ಹಂಚುವವರು ಯಾರು? ಯಾವ ನ್ಯಾಯದಿಂದ? ನಾಲ್ಕು ದಶಕಗಳಿಂದ ಈ ಪ್ರಶ್ನೆಯೊಡನೆ ಸೆಣಸಿರುವ ಅಮೆರಿಕದ ಅನುಭವ ಎಲ್ಲರೂ ತಿಳಿಯತಕ್ಕದ್ದು.

ತವರಿನ ಯಂತ್ರಕ್ಕಾಗಿ ಪರದೇಶ ಯಾತ್ರೆ

1980ರ ಸುಮಾರಿಗೆ ಹೆಸರಾಂತ ‘ಕ್ರೇ’ ಮಹಾಗಣಕಗಳು ತಯಾರಾಗುತ್ತಿದ್ದುದು ಅಮೆರಿಕದಲ್ಲಿಯೇ. ಆದರೆ ಅವುಗಳಲ್ಲಿ ಅನೇಕವು ಅಣ್ವಸ್ತ್ರ ಸಂಶೋಧನೆಯ ಬೇಲಿಯೊಳಗಿದ್ದುವು. ವಿಶ್ವವಿದ್ಯಾನಿಲಯಗಳ ಸಾಮಾನ್ಯ ಸಂಶೋಧಕರಿಗೆ ಅಲ್ಲಿ ಪ್ರವೇಶ ದುರ್ಲಭ. ಇಲಿನಾಯ್ ವಿಶ್ವವಿದ್ಯಾನಿಲಯದ ಖಭೌತ ವಿಜ್ಞಾನಿ ಲ್ಯಾರಿ ಸ್ಮಾರ್ ತಮ್ಮ ಲೆಕ್ಕಗಳಿಗಾಗಿ ಜರ್ಮನಿಯ ಮ್ಯೂನಿಕ್ ಬಳಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಗೆ ಹೋಗಬೇಕಾಯಿತು. ಅಲ್ಲಿ ಅವರು ಬಳಸಿದುದು ಯಾವ ಯಂತ್ರವನ್ನು? ಅಮೆರಿಕದಿಂದಲೇ ಹೋಗಿದ್ದ ಕ್ರೇ ಯಂತ್ರವನ್ನು!

1982ರಲ್ಲಿ ಗಣಿತಜ್ಞ ಪೀಟರ್ ಲ್ಯಾಕ್ಸ್ ಅವರ ನೇತೃತ್ವದ ಸಮಿತಿ ಈ ಕೊರತೆಯನ್ನು ಸರಕಾರದ ಕಣ್ಣಿಗೆ ತಂದಿತು. ಮರುವರ್ಷ ಸ್ಮಾರ್ ಮತ್ತು ಸಂಗಡಿಗರು, ಯಾರೂ ಕೇಳದಿದ್ದರೂ, ವಿಶ್ವವಿದ್ಯಾನಿಲಯಗಳಿಗೆ ಮಹಾಗಣಕ ಕೇಂದ್ರ ಬೇಕೆಂದು ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅರ್ಜಿ ಬರೆದರು. 1985–86ರಲ್ಲಿ ಪ್ರತಿಷ್ಠಾನದ ನೆರವಿನಿಂದ ಇಲಿನಾಯ್, ಪಿಟ್ಸ್‌ಬರ್ಗ್, ಸ್ಯಾನ್ ಡಿಯೇಗೋ, ಕಾರ್ನೆಲ್ ಮತ್ತು ಪ್ರಿನ್ಸ್‌ಟನ್‌ಗಳಲ್ಲಿ ಐದು ಕೇಂದ್ರಗಳು ಏರ್ಪಟ್ಟುವು. ದೂರದವರೂ ಅವನ್ನು ಮುಟ್ಟುವಂತಾಗಲೆಂದು 1986ರಲ್ಲಿ ಒಂದು ತಂತಿಜಾಲವನ್ನು ಹರಡಿದರು. ಮುಂದೆ ಇಂಟರ್‌ನೆಟ್ಟಿನ ಬೆನ್ನೆಲುಬಾಗಿ ಬೆಳೆದುದು ಆ ಜಾಲವೇ. ಯಂತ್ರವನ್ನು ಹಂಚಿಕೊಳ್ಳಲು ಹಾಕಿದ ಕಾಲುವೆ ಲೋಕಕ್ಕೇ ಹಾದಿಯಾಯಿತೆನ್ನಬಹುದು.

ಅರ್ಜಿಯ ಮೆಟ್ಟಿಲುಗಳು

ಕಾಲಕಾಲಕ್ಕೆ ಹಂಚಿಕೆಯ ವ್ಯವಸ್ಥೆ ಹೆಸರು ಬದಲಿಸಿದೆ. 2022ರ ಸೆಪ್ಟೆಂಬರಿನಲ್ಲಿ ‘ಆಕ್ಸೆಸ್’ ಎಂಬ ವ್ಯವಸ್ಥೆ ಆರಂಭವಾಯಿತು. ಅದು ನಾಲ್ಕು ಮೆಟ್ಟಿಲುಗಳನ್ನು ನಿರ್ಮಿಸಿತು. ಮೊದಲನೆಯದನ್ನು ಏರಲು ಉದ್ದೇಶವನ್ನು ತಿಳಿಸುವ ಸಣ್ಣ ಟಿಪ್ಪಣಿ ಸಾಕು. ಮಾರ್ಗದರ್ಶಕರ ಪತ್ರವಿದ್ದರೆ ಸಂಶೋಧನ ವಿದ್ಯಾರ್ಥಿಯೂ ಅರ್ಜಿದಾರನಾಗಬಹುದು. ಎರಡನೆಯದಕ್ಕೆ ಒಂದು ಪುಟ, ಮೂರನೆಯದಕ್ಕೆ ಮೂರು ಪುಟ, ಕೊನೆಯದಕ್ಕೆ ಹತ್ತು ಪುಟಗಳ ವಿವರಣೆ ಬೇಕು. ಕೇಳಿಕೆ ದೊಡ್ಡದಾದಷ್ಟೂ ಪರೀಕ್ಷೆ ಕಠಿಣ. ಬಳಕೆಗೆ ಹಣ ತೆರಬೇಕಾಗಿಲ್ಲ.

ದೊಡ್ಡ ಅರ್ಜಿಗಳನ್ನು ತೂಗಿ ನೋಡುವವರು ಅದೇ ವಿದ್ಯೆಯನ್ನು ಬಲ್ಲ ಇತರ ವಿಜ್ಞಾನಿಗಳು. ಪ್ರಶ್ನೆ ಒಳ್ಳೆಯದಾದರೆ ಮಾತ್ರ ಸಾಲದು. ಅರ್ಜಿದಾರನ ಲೆಕ್ಕದ ಕ್ರಮ ಅಷ್ಟು ದೊಡ್ಡ ಯಂತ್ರವನ್ನು ಸಾರ್ಥಕವಾಗಿ ಬಳಸಬಲ್ಲುದೆಂದೂ ಸಿದ್ಧಪಡಿಸಬೇಕು. ಹತ್ತು ಮಂದಿ ಒಂದು ದಿನ ಕೊಯ್ಯುವ ಗದ್ದೆಯನ್ನು ನೂರು ಮಂದಿ ಇಳಿದು ಒಂದು ಗಂಟೆಯಲ್ಲಿ ಕೊಯ್ಯಬಲ್ಲರೇ? ಒಬ್ಬನ ಕುಡುಗೋಲಿಗೆ ಇನ್ನೊಬ್ಬನ ಕೈ ಅಡ್ಡವಾದೀತು. ಮಹಾಗಣಕದೊಳಗಿನ ಸಾವಿರಾರು ಸಂಸ್ಕಾರಕಗಳ ಪಾಡೂ ಅದೇ. ಎಷ್ಟನ್ನು ಕೂಡಿಸಿದರೆ ಎಷ್ಟು ವೇಗ ಬರುತ್ತದೆಂಬುದನ್ನು ಅರ್ಜಿದಾರನು ಮೊದಲೇ ಅಳೆದು ತೋರಿಸಬೇಕು. ಚಿಕ್ಕ ಮೆಟ್ಟಿಲಿರುವುದು ಇದಕ್ಕಾಗಿಯೇ: ಅಲ್ಲಿ ಅಳೆದು, ಇಲ್ಲಿ ಕೇಳಬೇಕು.

ಅವಸರದಲ್ಲಿ ತೂಬನ್ನು ಬೇಗ ತೆರೆದುದೂ ಉಂಟು. 2020ರ ಮಾರ್ಚಿನಲ್ಲಿ ಕೋವಿಡ್ ಹಬ್ಬಿದಾಗ ಅಲ್ಲಿನ ಸರಕಾರ, ವಿಶ್ವವಿದ್ಯಾನಿಲಯಗಳು ಮತ್ತು ಕಂಪನಿಗಳು ತಮ್ಮ ಮಹಾಗಣಕಗಳನ್ನು ಒಟ್ಟುಗೂಡಿಸಿ, ರೋಗದ ಸಂಶೋಧನೆಗೆ ಬಂದ ಅರ್ಜಿಗಳನ್ನು ತ್ವರಿತವಾಗಿ ಪರಿಶೀಲಿಸಿ ಕಾಲ ಹಂಚಿದುವು.

ಸರದಿಯ ಶಿಸ್ತು

ಮಂಜೂರಾತಿ ದೊರೆತೊಡನೆ ಯಂತ್ರ ಕೈವಶವಾಯಿತೆಂದು ತಿಳಿಯಬಾರದು. ದೊರೆತುದು ಒಂದು ಜಮಾಖಾತೆ ಮಾತ್ರ. ಸಾವಿರ ಸಂಸ್ಕಾರಕಗಳನ್ನು ಹತ್ತು ಗಂಟೆ ಬಳಸಿದರೆ ಹತ್ತು ಸಾವಿರ ಗಂಟೆ ಖರ್ಚು ಬೀಳುತ್ತದೆ. ತನಗೆ ಎಷ್ಟು ಸಂಸ್ಕಾರಕ, ಎಷ್ಟು ಹೊತ್ತು ಬೇಕೆಂದು ಬರೆದು ಸಂಶೋಧಕನು ತನ್ನ ಕೆಲಸವನ್ನು ಸರದಿಗೆ ಸೇರಿಸಬೇಕು. ಅಲ್ಲಿ ನೀರುಗಂಟಿಯ ಸ್ಥಾನದಲ್ಲಿರುವುದು ಒಂದು ಕ್ರಮವಿಧಿ. ದೊಡ್ಡ ಕೆಲಸಕ್ಕೆ ಜಾಗ ಬಿಡುವಾಗುವವರೆಗೆ ನಡುವಿನ ಸಂದಿಗಳಲ್ಲಿ ಸಣ್ಣ ಕೆಲಸಗಳನ್ನು ಅದು ತುಂಬುತ್ತದೆ. ಕೇಳಿದ ಹೊತ್ತು ಮೀರಿತೆಂದರೆ ಕೆಲಸವನ್ನು ಅರ್ಧದಲ್ಲಿಯೇ ನಿಲ್ಲಿಸುತ್ತದೆ. ಬಲ್ಲವರು ಆಗಾಗ ಫಲಿತಾಂಶವನ್ನು ಉಳಿಸಿಟ್ಟುಕೊಳ್ಳುವುದು ಇದರಿಂದಲೇ.

ಇಷ್ಟು ಬಿಗಿ ಏಕೆ? ಕೆರೆಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಇಂದು ಬಿಡದ ನೀರು ನಾಳೆಗೆ ಉಳಿಯುತ್ತದೆ. ಇಂದು ಬಳಸದ ಗಂಟೆ ಎಂದೆಂದಿಗೂ ಹೋಯಿತು.

ನಮ್ಮ ಪಾಲು

ಈ ಕಥೆಯಲ್ಲಿ ಭಾರತದ ಪಾಲೂ ಇದೆ. 1980ರ ದಶಕದಲ್ಲಿ ನಾವು ಬಯಸಿದಷ್ಟು ಶಕ್ತಿಯ ಕ್ರೇ ಯಂತ್ರವನ್ನು ಅಮೆರಿಕ ಕೊಡಲಿಲ್ಲ. ಅದಕ್ಕಿಂತ ಕಡಮೆಯದನ್ನು ಹವಾಮಾನದ ಲೆಕ್ಕಕ್ಕೆಂದು ಕೊಟ್ಟಿತು. ಆ ನಿರಾಕರಣೆಯೇ ಛಲವಾಗಿ, 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಸಂಸ್ಥೆ ಹುಟ್ಟಿತು. ವಿಜಯ ಭಾಟ್ಕರ್ ಅವರ ನೇತೃತ್ವದಲ್ಲಿ 1991ರಲ್ಲಿ ‘ಪರಮ್ 8000’ ಸಿದ್ಧವಾಯಿತು. 2015ರಲ್ಲಿ 4,500 ಕೋಟಿ ರೂಪಾಯಿಗಳ ರಾಷ್ಟ್ರೀಯ ಯೋಜನೆಗೆ ಒಪ್ಪಿಗೆ ದೊರೆಯಿತು. ಅದರ ಅಂಗವಾಗಿ 2022ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಪರಮ್ ಪ್ರವೇಗ’ ನೆಲೆಗೊಂಡಿತು. ಸೆಕೆಂಡಿಗೆ ಸುಮಾರು 33 ಕೋಟಿ ಕೋಟಿ ಲೆಕ್ಕಗಳನ್ನು ಮಾಡಬಲ್ಲ ಯಂತ್ರವದು.

ಅಂಕಿಗಳು ಹೆಮ್ಮೆ ತರುವುದು ಸಹಜ. ಆದರೆ ವೇಗದ ಅಂಕಿ ಕೆರೆಯ ಆಳವನ್ನಷ್ಟೆ ಹೇಳುತ್ತದೆ, ಬೆಳೆಯನ್ನು ಹೇಳುವುದಿಲ್ಲ. ಸ್ಮಾರ್ ಅವರ ನಾಡಿನಲ್ಲಿ ಯಂತ್ರಗಳಿಗೆ ಬರವಿರಲಿಲ್ಲ, ಬಾಗಿಲಿಗೆ ಬರವಿತ್ತು. ದೂರದ ಊರಿನ ಸಣ್ಣ ಕಾಲೇಜಿನಲ್ಲಿ ಕುಳಿತ ವಿದ್ಯಾರ್ಥಿನಿಯೊಬ್ಬಳು, ಯಾರ ಪರಿಚಯವೂ ಇಲ್ಲದೆ, ಒಳ್ಳೆಯದೊಂದು ಪ್ರಶ್ನೆಯ ಬಲದಿಂದಲೇ ಈ ಯಂತ್ರಗಳ ಒಂದು ಗಂಟೆಯನ್ನು ಪಡೆಯುವಂತಾಗಬೇಕು. ಕೊನೆಯ ಗದ್ದೆಗೆ ನೀರು ಹರಿದ ದಿನವೇ ಕೆರೆ ಕಟ್ಟಿದ ಕೆಲಸ ಪೂರ್ತಿಯಾದಂತೆ.